ಹತ್ತು ನಿಮಿಷದ ಸುಗ್ಗಿ

ಊರ ಉತ್ಸವದ ಆಮಂತ್ರಣ ಪತ್ರಿಕೆ ಮನೆಗೆ ಬಂದರೆ ನಾನು ಅದನ್ನು ಹಿಂದಿನ ಪುಟದಿಂದ ಓದುತ್ತೇನೆ. ಮುಂದಿನ ಎರಡು ಪುಟದ ತುಂಬ ಉದ್ಘಾಟಕರು, ಅಧ್ಯಕ್ಷರು, ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ವಿಶೇಷ ಆಹ್ವಾನಿತರು. ಒಂದು ಹೆಸರು ಬಿಟ್ಟುಹೋದರೆ ರಾದ್ಧಾಂತವಾಗುತ್ತದೆ, ಅದು ನಮಗೆಲ್ಲ ಗೊತ್ತಿದ್ದದ್ದೇ. ಮೂರನೇ ಪುಟದಲ್ಲಿ ರಾತ್ರಿ ಒಂಬತ್ತಕ್ಕೆ ಹಾಡುವ ಸಿನಿಮಾ ಗಾಯಕರ ಬಣ್ಣದ ಫೋಟೋ. ಕೊನೆಯ ಪುಟದ ಬುಡದಲ್ಲಿ, ಪ್ರಿಂಟಿಂಗ್ ಪ್ರೆಸ್ಸಿನ ಹೆಸರಿಗಿಂತ ತುಸು ಮೇಲೆ, ‘ಸಂಜೆ 5.30ರಿಂದ ಸ್ಥಳೀಯ ಕಲಾತಂಡಗಳಿಂದ ಸಾಂಸ್ಕೃತಿಕ ಕಾರ್ಯಕ್ರಮ’ ಎಂಬ ಒಂದು ಸಾಲು. ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ, ಸಿದ್ದಿಯರ ಡಮಾಮಿ ಕುಣಿತ, ಯಕ್ಷಗಾನದ ಒಂದು ದೃಶ್ಯ, ಶಾಲೆ ಮಕ್ಕಳ ಭರತನಾಟ್ಯ, ಮಹಿಳಾ ಮಂಡಳದ ಭಜನೆ, ಇನ್ನೂ ಮೂರ್ನಾಲ್ಕು ತಂಡ ಎಲ್ಲವೂ ಆ ಸಾಲಿನೊಳಗೇ ಇವೆ. ಏಳು ಗಂಟೆಗೆ ಸಭಾ ಕಾರ್ಯಕ್ರಮ. ಒಂದೂವರೆ ತಾಸನ್ನು ತಂಡಗಳ ಲೆಕ್ಕದಿಂದ ಭಾಗಿಸಿದರೆ ತಲೆಗೆ ಹತ್ತು ನಿಮಿಷ ಬೀಳುತ್ತದೆ. ಮೈಕ್ ಸರಿಮಾಡುವ ಹೊತ್ತೂ ಅದರಲ್ಲೇ ಸೇರಿತು.

ಅಕ್ಷರ ಸಣ್ಣದಾಯಿತು ಎಂಬ ಬೇಜಾರು ನನಗಿಲ್ಲ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಉತ್ಸವಗಳಿಗೆ ಬರವೂ ಇಲ್ಲ. ಕಾರವಾರದ ಕಡಲ ದಂಡೆಯಲ್ಲಿ ಕರಾವಳಿ ಉತ್ಸವ, ಪಂಪ ಪ್ರಶಸ್ತಿ ಕೊಡುವ ಬನವಾಸಿಯ ಕದಂಬೋತ್ಸವ, ಅವು ಸರಕಾರದ್ದು. ಅವುಗಳ ಜೊತೆಗೆ ಈಗ ಊರಿಗೊಂದು, ತಾಲೂಕಿಗೊಂದು. ಬರಲಿ. ಚಳಿಗಾಲದ ಸಂಜೆ ಕುರ್ಚಿ ಹಾಕಿಸಿಕೊಂಡು ಊರೆಲ್ಲ ಒಂದು ಕಡೆ ಕೂತು ಏನನ್ನಾದರೂ ನೋಡುವುದು ಒಳ್ಳೆಯದೇ. ಆ ಹತ್ತು ನಿಮಿಷದಲ್ಲಿ ಏನು ಬಿಟ್ಟುಹೋಗುತ್ತದೆ ಎಂಬುದು ಮಾತ್ರ ಬಹಳ ಕಾಲದಿಂದ ನನ್ನ ತಲೆ ತಿನ್ನುತ್ತಿದೆ. ‘ಕಲೆಗೆ ಅವಮಾನ’ ಎಂದು ಯಾರಾದರೂ ಭಾಷಣ ಮಾಡಿದರೆ ನಾನೂ ತಲೆಯಾಡಿಸುತ್ತೇನೆ, ಆದರೆ ಅದು ಪೂರ್ತಿ ಉತ್ತರವಲ್ಲ.

ಗೋಬಿ ಅಂಗಡಿಯ ಒಲೆ

ನಮ್ಮಂಥ ಮಾಸ್ತರು, ಅಕ್ಕೋರುಗಳಿಗೆ ಚುನಾವಣೆ, ಜನಗಣತಿ ಇದ್ದ ಹಾಗೆ ಉತ್ಸವವೂ ಒಂದು ಡ್ಯೂಟಿ. ಒಂದು ವರ್ಷ ನನ್ನನ್ನು ವೇದಿಕೆ ಸಮಿತಿಗೆ ಹಾಕಿದ್ದರು. ತಂಡಗಳನ್ನು ಸಾಲಾಗಿ ನಿಲ್ಲಿಸುವುದು, ಒಬ್ಬರು ಇಳಿಯುವಾಗ ಇನ್ನೊಬ್ಬರನ್ನು ಹತ್ತಿಸುವುದು, ಹೊತ್ತು ಮೀರಿದರೆ ಪಕ್ಕದಿಂದ ಚೀಟಿ ತೋರಿಸುವುದು ನನ್ನ ಕೆಲಸ. ಅವತ್ತು ಅಂಕೋಲೆ ಕಡೆಯ ಒಂದು ಕೇರಿಯಿಂದ ಸುಗ್ಗಿ ತಂಡ ಬಂದಿತ್ತು. ಬಸ್ಸಿನಲ್ಲಿ, ಕುಣಿಯುವಾಗ ತಲೆಗೆ ಕಟ್ಟುವ ತುರಾಯಿಗಳನ್ನು ಪಂಚೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡು ತಂದಿದ್ದರು. ಬೆಂಡಿನ ಹೂವು, ಬಣ್ಣದ ಕಾಗದ, ತುದಿಗೆ ಹಕ್ಕಿ. ಎಲ್ಲಿಯಾದರೂ ಒತ್ತಿದರೆ ಮುಗಿಯಿತು. ನನ್ನ ಕ್ಲಾಸಿನ ಒಬ್ಬ ಹುಡುಗನೂ ಅಪ್ಪನ ಜೊತೆ ಬಂದಿದ್ದ. ಕುಣಿಯಲಿಕ್ಕಲ್ಲ, ಹಿಡಿದುಕೊಳ್ಳಲಿಕ್ಕೆ.

ಸಂಜೆಯಾಗುತ್ತಿದ್ದಂತೆ ಇಬ್ಬನಿ ಶುರುವಾಯಿತು. ತಂಡದ ಹಿರಿಯ ಗೌಡರು, ಆ ಹುಡುಗನ ಅಪ್ಪ, ಗುಮಟೆಯನ್ನು ಒಂದೆರಡು ಸಲ ತಟ್ಟಿ ನೋಡಿದರು. ಥಪ್ ಥಪ್ ಎಂದಿತು, ಅಷ್ಟೆ. ಗುಮಟೆ ಎಂದರೆ ಎರಡೂ ಕಡೆ ಬಾಯಿರುವ ಮಣ್ಣಿನ ಮಡಕೆ. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತದೆ, ಸಣ್ಣ ಬಾಯಿಯನ್ನು ಅಂಗೈಯಿಂದ ಮುಚ್ಚಿ ತೆರೆದು ಮಾಡಿ ದನಿ ಏರಿಸಿ ಇಳಿಸುತ್ತಾರೆ. ಹಿಂದೆ ಉಡದ ಚರ್ಮ ಹಾಕುತ್ತಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಅದು ಅಪರಾಧ, ಈಗ ಆಡಿನ ಚರ್ಮ. ಯಾವ ಚರ್ಮವಾದರೂ ತಂಪಿಗೆ ಸಡಿಲಾಗುತ್ತದೆ. ಕೇರಿಯಲ್ಲಾದರೆ ಅಂಗಳದಲ್ಲಿ ನಾಲ್ಕು ತೆಂಗಿನ ಗರಿ ಉರಿಸಿ ಕಾಯಿಸುತ್ತಾರೆ. ಇಲ್ಲಿ ವೇದಿಕೆಯ ಹಿಂದೆ ಜನರೇಟರು, ವೈರು, ಶಾಮಿಯಾನ. ಬೀಡಿ ಹಚ್ಚಿದರೂ ಪೊಲೀಸರು ಬೈಯುತ್ತಿದ್ದರು. “ಅಕ್ಕೋರೆ, ಎಲ್ಲಾದ್ರೂ ಸೊಲ್ಪ ಬೆಂಕಿ ಸಿಕ್ತದಾ?” ಎಂದು ಗೌಡರು ಕೇಳಿದರು.

ಗೋಬಿ ಮಂಚೂರಿ ಅಂಗಡಿಗೆ ಕರೆದುಕೊಂಡು ಹೋದೆ. ಅಂಗಡಿಯ ಹುಡುಗ ಮೊದಲು ಮುಖ ಮುಖ ನೋಡಿದ, ಆಮೇಲೆ ಬಾಣಲೆ ಇಳಿಸಿ ಗ್ಯಾಸಿನ ಉರಿ ಸಣ್ಣ ಮಾಡಿ ಕೊಟ್ಟ. ಗೌಡರು ಗುಮಟೆಯನ್ನು ಬೆಂಕಿಗೆ ಗೇಣು ದೂರದಲ್ಲಿ ಹಿಡಿದು ತಿರುಗಿಸುತ್ತ ತಿರುಗಿಸುತ್ತ, ನಡುನಡುವೆ ಬೆರಳಿಂದ ಹೊಡೆದು ಕಿವಿಗೊಟ್ಟು ಕೇಳಿದರು. ಹತ್ತಿರ ಹಿಡಿದರೆ ಚರ್ಮ ಒಡೆಯುತ್ತದೆ, ದೂರವಾದರೆ ಏರುವುದಿಲ್ಲ. ಹುಡುಗ ಪಕ್ಕದಲ್ಲಿ ಇನ್ನೊಂದು ಗುಮಟೆ ಹಿಡಿದುಕೊಂಡು ಅಪ್ಪನ ಕೈಯನ್ನೇ ನೋಡುತ್ತಿದ್ದ. ಗೋಬಿ ತಿನ್ನಲು ಬಂದವರೂ ತಟ್ಟೆ ಹಿಡಿದು ನಿಂತರು. ಐದಾರು ನಿಮಿಷದ ಮೇಲೆ ಗುಮಟೆ ಗಂಟಲು ಬಿಟ್ಟು ‘ಧೊಂ’ ಎಂದಿತು. ಗೌಡರು ಅದನ್ನು ಹುಡುಗನಿಗೆ ಕೊಟ್ಟು, ಅವನ ಕೈಯಲ್ಲಿದ್ದದ್ದನ್ನು ಕಾಯಿಸಲು ತೆಗೆದುಕೊಂಡರು. “ತಟ್ಟು, ಕೇಳಿಸ್ಕೊ” ಎಂದರು. ಅವನು ತಟ್ಟಿದ.

ಆಮೇಲೆ ವೇದಿಕೆಯ ಮೇಲೆ ನಡೆದದ್ದನ್ನು ಬಹಳ ಹೇಳಬೇಕಾಗಿಲ್ಲ. ಒಬ್ಬರ ತುರಾಯಿ ಬ್ಯಾನರಿನ ದಾರಕ್ಕೆ ಸಿಕ್ಕಿಕೊಂಡಿತು. ಆರ್ಕೆಸ್ಟ್ರಾಕ್ಕೆಂದು ಕಟ್ಟಿದ ಸೌಂಡಿನಲ್ಲಿ ಗುಮಟೆಯ ದನಿ ಪ್ಲಾಸ್ಟಿಕ್ ಡಬ್ಬಿಯ ದನಿಯಾಯಿತು. ನಿರೂಪಕಿ ‘ಜೋರಾದ ಚಪ್ಪಾಳೆ’ ಕೇಳಿದಳು, ಬಂತು. ನಾನು ಚೀಟಿ ಹಿಡಿದು ನಿಂತಿದ್ದೆ, ತೋರಿಸುವ ಪ್ರಸಂಗವೇ ಬರಲಿಲ್ಲ. ಅವರೇ ಎಂಟು ನಿಮಿಷಕ್ಕೆ ಮುಗಿಸಿ ಇಳಿದುಬಂದರು. ಇನ್ನೂ ಹೊತ್ತಿತ್ತಲ್ಲ ಗೌಡ್ರೆ ಎಂದರೆ, “ಸಾಕ್ ಅಕ್ಕೋರೆ. ಕಡೀ ಬಸ್ ತಪ್ಪಿದ್ರೆ ಇಲ್ಲೇ ಮಲಗ್ಬೇಕಾಗ್ತದೆ” ಎಂದರು. ಶಾಲು, ಸ್ಮರಣಿಕೆ, ಫೋಟೋ ಎಂದು ಅವರನ್ನು ನಿಲ್ಲಿಸಿಕೊಂಡ ಹೊತ್ತು ಕುಣಿತಕ್ಕಿಂತ ಹೆಚ್ಚಾಯಿತು.

ಇಲ್ಲಿ ಒಂದು ಮಾತು. ಅವರಿಗೆ ದುಃಖವೇನೂ ಇರಲಿಲ್ಲ. ಪೇಟೆಯ ಉತ್ಸವಕ್ಕೆ ಕೊಡಬೇಕಾದಷ್ಟನ್ನು ಕೊಟ್ಟು, ಸಂಭಾವನೆ ತೆಗೆದುಕೊಂಡು ಮನೆಗೆ ಹೋದರು. ಅವರ ಪರವಾಗಿ ನಾವು ಅಳುವುದು ನಮ್ಮದೇ ಚಟ.

ಕಾಯುವ ಹೊತ್ತು

ಸುಗ್ಗಿ ಇರುವುದು ಹೋಳಿಯ ಹೊತ್ತಿಗೆ. ಕರಿದೇವರಿಗೆ ಕಾಯಿ ಒಡೆದು, ತುರಾಯಿ ಕಟ್ಟಿ ಹೊರಟರೆ ಕೇರಿಯಿಂದ ಕೇರಿಗೆ, ಅಂಗಳದಿಂದ ಅಂಗಳಕ್ಕೆ, ಮನೆಯ ಮುಖ ನೋಡದೆ ದಿನಗಟ್ಟಲೆ ತಿರುಗುತ್ತಾರೆ. ಹುಣ್ಣಿಮೆಗೆ ವಾಪಸಾಗಿ ಕಾಮನನ್ನು ಸುಟ್ಟ ಮೇಲೆ ಮುಗಿಯಿತು. ಕೆಲವು ಊರುಗಳಲ್ಲಿ ಕೊನೆಗೆ ಹಗರಣವೂ ಉಂಟು. ಆ ವರ್ಷ ಊರಲ್ಲಿ, ರಾಜ್ಯದಲ್ಲಿ ಯಾರು ಏನು ಮಾಡಿದರೋ ಅವರ ವೇಷ ಕಟ್ಟಿ ಬೀದಿಯಲ್ಲಿ ಮೆರೆಸುವುದು. ನಾಟಕ ಬೇಕಾದವರು ಅದನ್ನೊಂದು ನೋಡಬೇಕು. ಪರವಾನಗಿ ಕೇಳಿ ಮಾಡುವ ಬೀದಿನಾಟಕದಲ್ಲಿ ಅಷ್ಟು ಹರಿತ ಇರುವುದಿಲ್ಲ.

ಆ ಹುಡುಗನ ಕೇರಿಗೆ ಒಂದು ಸುಗ್ಗಿಯಲ್ಲಿ ಹೋಗಿದ್ದೆ. ನಾನು ಅಲ್ಲಿ ಕಂಡದ್ದು ಹೆಚ್ಚಿನಂಶ ಕಾಯುವುದನ್ನು. ತಂಡ ಬರುತ್ತದೆ ಎಂದು ಅಂಗಳ ಸಾರಿಸಿ ಕಾಯುವುದು. ಬಂದ ಮೇಲೆ ನೀರು, ಬೆಲ್ಲ, ಎಲೆ ಅಡಿಕೆ. ಗುಮಟೆ ಕಾಯಿಸುವುದು. ಯಾರದೋ ತುರಾಯಿಯ ಹೂವು ಬಿದ್ದುಹೋಗಿದೆ ಎಂದು ಕೂತು ಹೊಲಿಯುವುದು. ಕುಣಿತ ಶುರುವಾದ ಮೇಲೂ ನಡುವೆ ಪದ ನಿಲ್ಲುತ್ತಿತ್ತು. ಒಂದು ಕಡೆ ಮುಂದಿನ ಸಾಲು ಹಾಡುವವರಿಗೆ ನೆನಪಾಗಲಿಲ್ಲ. ಜಗಲಿಯ ಮೇಲೆ ಕೂತಿದ್ದ ಅಜ್ಜಿ ಅಲ್ಲಿಂದಲೇ ಎತ್ತಿಕೊಟ್ಟಳು. ಚಪ್ಪಾಳೆ ಯಾರೂ ಹೊಡೆಯಲಿಲ್ಲ. ಮನೆಯಾಕೆ ಮೊರದಲ್ಲಿ ಅಕ್ಕಿ, ಕಾಯಿ, ಮೇಲೊಂದು ನೋಟು ಇಟ್ಟು ತಂದಳು. ಇದೆಲ್ಲದರ ಸಂದಿಯಲ್ಲಿ ಹುಡುಗರು ಇದ್ದರು. ದೊಡ್ಡವರು ಬೆಲ್ಲ ತಿನ್ನುವಾಗ ಗುಮಟೆ ಅವರ ಕೈಗೆ ಬರುತ್ತಿತ್ತು. ಬಾರಿಸುತ್ತಿದ್ದರು, ತಪ್ಪುತ್ತಿದ್ದರು, ಯಾರೋ ಒಬ್ಬರು ತಲೆ ಎತ್ತದೆ ‘ಹಂಗಲ್ಲ’ ಎನ್ನುತ್ತಿದ್ದರು. ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ, ಇಷ್ಟೊಂದು ಹಾಡು ಹೇಗೆ ನೆನಪಿನಲ್ಲಿ ಉಳಿಯಿತು ಎಂದು ಪೇಟೆಯವರೆಲ್ಲ ಬೆರಗಾದರು. ನೆಟ್ಟಿ, ಕೊಯ್ಲು, ಮದುವೆ ಎಂದು ಕೈ ಕೆಲಸದಲ್ಲಿದ್ದು ಬಾಯಿ ಬಿಡುವಾಗಿರುವ ಹೊತ್ತು ಆ ಕೇರಿಗಳಲ್ಲಿ ಧಾರಾಳ ಇತ್ತು. ಹಾಡು ಬೆಳೆದದ್ದು ಆ ಹೊತ್ತಿನಲ್ಲಿ.

ಉತ್ಸವದ ವೇದಿಕೆ ಹೊರಗೆ ಹಾಕುವುದು ಇದನ್ನೇ. ಕುಣಿತದ ಚಂದದ ತುಂಡನ್ನು ಅದು ಇಟ್ಟುಕೊಳ್ಳುತ್ತದೆ, ಅದಕ್ಕೆ ಬೇಕಾದದ್ದು ಅದೇ. ಕಾಯುವುದು, ತಪ್ಪುವುದು, ಮರೆಯುವುದು, ಎತ್ತಿಕೊಡುವುದು ಎಲ್ಲ ದಂಡದ ಹೊತ್ತು ಎಂದು ಕತ್ತರಿಸುತ್ತದೆ. ಹುಡುಗರು ಕಲಿಯುತ್ತಿದ್ದದ್ದು ಆ ದಂಡದ ಹೊತ್ತಿನಲ್ಲಿ. ಅವತ್ತಿನ ಉತ್ಸವದಲ್ಲೂ ನನ್ನ ಕ್ಲಾಸಿನ ಹುಡುಗ ಏನಾದರೂ ಕಲಿತಿದ್ದರೆ ಅದು ಗೋಬಿ ಅಂಗಡಿಯ ಮುಂದೆ.

ಕೋಡಂಗಿಯ ಕೆಲಸ ಹೋದದ್ದು

ಯಕ್ಷಗಾನಕ್ಕೆ ಇದು ಮೊದಲೇ ಆಗಿದೆ, ಮತ್ತು ಅಲ್ಲಿ ಲೆಕ್ಕ ಇಷ್ಟು ಸಲೀಸಲ್ಲ. ದೀಪಾವಳಿ ಕಳೆದು ಮಳೆಗಾಲದ ತನಕ ಈ ದಂಡೆಯಲ್ಲಿ ಎಲ್ಲಾದರೂ ಒಂದು ಆಟ ಇದ್ದೇ ಇರುತ್ತದೆ. ಇಡೀ ರಾತ್ರಿಯ ಆಟ ಈಗ ಹರಕೆ ಬಯಲಾಟಕ್ಕೆ, ಜಾತ್ರೆಗೆ ಸೀಮಿತವಾಗುತ್ತ ಬಂದಿದೆ. ಉಳಿದ ಕಡೆ ಮೂರು, ನಾಲ್ಕು ತಾಸಿನ ಕಾಲಮಿತಿ. ಕಾರಣ ಹಲವು. ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದ ಪ್ರೇಕ್ಷಕರು ಒಂದು. ಶಬ್ದಮಾಲಿನ್ಯ ನಿಯಂತ್ರಣದ 2000ದ ನಿಯಮ ಇನ್ನೊಂದು. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಬಯಲಲ್ಲಿ ಧ್ವನಿವರ್ಧಕ ಕೂಡದು. ಹಬ್ಬ ಹರಿದಿನಕ್ಕೆಂದು ಸರಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ, ಅದೂ ನಡುರಾತ್ರಿ 12ರ ತನಕ ಸಡಿಲಿಕೆ ಕೊಡಬಹುದು. ಬೆಳಗಿನ ಜಾವಕ್ಕೆ ರಂಗೇರುವ ಕಲೆಗೆ 12 ಗಂಟೆ ಎಂದರೆ ಆಗಷ್ಟೇ ಶುರುವಿನ ಹೊತ್ತು.

ಹೊತ್ತು ಕಡಿಮೆಯಾದಾಗ ಮೊದಲು ಬಿದ್ದದ್ದು ಕತೆಗೆ ಮುಂಚಿನ ಪೂರ್ವರಂಗ. ಕೋಡಂಗಿ, ಬಾಲಗೋಪಾಲ, ಪೀಠಿಕೆ ಸ್ತ್ರೀವೇಷ. ನೋಡುವವರು ಮನೆಯಲ್ಲಿ ಊಟ ಮುಗಿಸಿ ಇನ್ನೂ ಹೊರಟಿರದ ಹೊತ್ತಿನ ವೇಷಗಳು ಅವು. ಕತೆಗೆ ಅವುಗಳಿಂದ ಏನೂ ಆಗಬೇಕಾಗಿಲ್ಲ, ಹಾಗಾಗಿ ಕತ್ತರಿಸುವಾಗ ಯಾರಿಗೂ ನೋವಾಗಲಿಲ್ಲ. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗ ಮೊದಲು ಗೆಜ್ಜೆ ಕಟ್ಟುತ್ತಿದ್ದದ್ದು ಅಲ್ಲೇ. ಅರ್ಧ ಖಾಲಿ ಬಯಲಿನ ಮುಂದೆ, ಹೆಜ್ಜೆ ತಪ್ಪಿದರೂ ಆಟ ಕೆಡದ ಜಾಗದಲ್ಲಿ. ಕೋಡಂಗಿಯಿಂದ ಶುರುಮಾಡಿ ವರ್ಷಗಟ್ಟಲೆ ಮೇಲೇರಿ ಎರಡನೇ ವೇಷ, ಪುರುಷವೇಷದಂಥ ದೊಡ್ಡ ಪಾತ್ರಕ್ಕೆ ಬರುತ್ತಿದ್ದರು. ರಾತ್ರಿಯಿಡೀ ಬಣ್ಣ ಹಚ್ಚುವ ಚೌಕಿಯಲ್ಲಿ ಕೂತು ದೊಡ್ಡವರ ಅರ್ಥಗಾರಿಕೆ, ಎಂದರೆ ಪದ್ಯದ ಬೆನ್ನಿಗೆ ಪಾತ್ರಗಳು ಆಡುವ ಮಾತು, ಕಿವಿಗೆ ಹಾಕಿಕೊಳ್ಳುವುದೂ ಪಾಠವೇ. ಕಾಲಮಿತಿಯ ಆಟದಲ್ಲಿ ಕಲಿಯುವವನು ಎಲ್ಲಿ ನಿಲ್ಲಬೇಕು?

ಇದಕ್ಕೆ ಉತ್ತರ ಹುಡುಕಿದವರು ಇಲ್ಲ ಎಂದಲ್ಲ. ಹೊನ್ನಾವರದ ಗುಣವಂತೆಯ ಕೆರೆಮನೆಯವರನ್ನೇ ನೋಡಿ. ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಅದು. ಮಗ ಶಂಭು ಹೆಗಡೆಯವರು ಆಟವನ್ನು ಬಿಗಿ ಮಾಡಿ, ಕಡಿಮೆ ಹೊತ್ತಿನ ಪ್ರದರ್ಶನ ರೂಪಿಸಿ ದೇಶವೆಲ್ಲ ತೋರಿಸಿದರು. ಅವರೇ 1986ರಲ್ಲಿ ಶ್ರೀಮಯ ಕಲಾಕೇಂದ್ರ ತೆರೆದು ಹುಡುಗರನ್ನು ಕೂರಿಸಿಕೊಂಡು ಕಲಿಸಲು ಶುರುಮಾಡಿದರು. ಒಂದು ಕೈಯಲ್ಲಿ ರಂಗದ ಮೇಲಿನ ಹೊತ್ತನ್ನು ಕಡಿಮೆ ಮಾಡಿದವರು ಇನ್ನೊಂದು ಕೈಯಲ್ಲಿ ಕಲಿಕೆಗೆ ಬೇರೆ ಹೊತ್ತು ಮಾಡಿಕೊಟ್ಟರು ಎಂದು ನಾನು ಓದಿಕೊಳ್ಳುತ್ತೇನೆ. ನಮ್ಮ ಊರ ಉತ್ಸವಗಳು ಮೊದಲನೆಯದನ್ನಷ್ಟೇ ಮಾಡುತ್ತವೆ. ಹತ್ತು ನಿಮಿಷದ ಗದಾಯುದ್ಧದಲ್ಲಿ ಕೌರವ ಕೊಳದಿಂದ ಎದ್ದು ಬಂದು ತೊಡೆ ಮುರಿಸಿಕೊಳ್ಳುತ್ತಾನೆ. ಅವನು ಕೊಳಕ್ಕೆ ಇಳಿಯುವ ಮೊದಲು ಅತ್ತದ್ದನ್ನು ನೋಡದ ಮಗುವಿಗೆ, ಇಬ್ಬರು ದಪ್ಪ ಮನುಷ್ಯರು ಜಗಳವಾಡಿದ್ದಷ್ಟೇ ಕಾಣಿಸುತ್ತದೆ.

ಹೊರಗಿನದು ಬಂದಾಗ

ಉತ್ಸವವೇ ಬೇಡ ಎನ್ನುವ ಗುಂಪಿಗೆ ನಾನು ಸೇರಿದವಳಲ್ಲ. ಅದಕ್ಕೂ ಕಾರಣ ಗುಣವಂತೆಯೇ. ಶಂಭು ಹೆಗಡೆಯವರು 2009ರಲ್ಲಿ ತೀರಿಕೊಂಡ ನಂತರ ಅವರ ಹೆಸರಿನಲ್ಲಿ ಅಲ್ಲಿ ರಾಷ್ಟ್ರೀಯ ನಾಟ್ಯೋತ್ಸವ ನಡೆಯುತ್ತ ಬಂದಿದೆ. ಹೆದ್ದಾರಿ ಬದಿಯ ಒಂದು ಹಳ್ಳಿಗೆ ದೇಶದ ಬೇರೆ ಬೇರೆ ಕಡೆಯ ನೃತ್ಯ, ನಾಟಕ, ಸಂಗೀತ ಬರುತ್ತದೆ. ನೋಡುವವರು ತೋಟದ ಕೆಲಸ ಮುಗಿಸಿ ಬಂದವರು, ಆಟ ನೋಡಿ ಕಣ್ಣು ಪಳಗಿದವರು. ಒಮ್ಮೆ ಅಲ್ಲಿ ಕಥಕ್ ನಡೆಯುತ್ತಿತ್ತು. ನನ್ನ ಪಕ್ಕದ ಕುರ್ಚಿಯ ಹೆಗಡೆಯಜ್ಜ ಬೆರಳಲ್ಲಿ ತಾಳ ಎಣಿಸುತ್ತ ಕೂತಿದ್ದರು. ಕಲಾವಿದೆ ಚಕ್ಕರು ಹಾಕಿ ಸಮಕ್ಕೆ ಸರಿಯಾಗಿ ಬಂದು ನಿಂತಾಗ ‘ಹಾಂ’ ಎಂದು ತೊಡೆ ತಟ್ಟಿದರು. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ಬಾಗಿ, “ಹೆಜ್ಜೆ ಎಲ್ಲಾ ಚೊಲೋ ಇದ್ದು. ಅರ್ಥ ಹೇಳದು ಯಾವಾಗ?” ಎಂದರು.

ನಗು ಬಂತು, ಆದರೆ ಅದು ದಡ್ಡ ಪ್ರಶ್ನೆಯಲ್ಲ. ಕುಣಿದ ಮೇಲೆ ನಿಂತು ಮಾತಾಡಬೇಕು, ಯಾಕೆ ಕುಣಿದೆ ಎಂದು ಹೇಳಬೇಕು ಎಂಬ ಕಲೆಯಲ್ಲಿ ಬೆಳೆದ ಮನುಷ್ಯ ಇನ್ನೊಂದು ಕಲೆಯನ್ನು ಅಳೆದದ್ದು ಹಾಗೆ. ಕಥಕ್‌ಗೆ ಅಲ್ಲಿ ಒಂದು ತಾಸಿಗೂ ಮಿಕ್ಕಿ ಹೊತ್ತು ಕೊಟ್ಟಿದ್ದರಿಂದ ಅವರಿಗೆ ಅಳೆಯಲು ಸಾಧ್ಯವಾಯಿತು. ಹೊರಗಿನದನ್ನು ಪೂರ್ತಿಯಾಗಿ ತಂದು ತೋರಿಸುವುದು ಉತ್ಸವ ಚೆನ್ನಾಗಿ ಮಾಡಬಲ್ಲ ಕೆಲಸ. ಒಡಿಸ್ಸಿ ನೋಡಲು ನಾವು ಭುವನೇಶ್ವರಕ್ಕೆ ಹೋಗುವವರಲ್ಲ. ಸುಗ್ಗಿ ನೋಡಲು ಅಂಕೋಲೆಗೆ ಹೋಗಬಹುದು, ಬಸ್ಸು ಹತ್ತಿದರಾಯಿತು.

ಕಾರವಾರದ ವಿಷಯ ಬಂದಾಗ ನನಗೆ ಇನ್ನೊಂದು ಆಸೆ ಇದೆ. ಅಲ್ಲಿಯ ಕಡಲ ದಂಡೆಗೆ ರವೀಂದ್ರನಾಥ ಟಾಗೋರರ ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಅಣ್ಣ ಸತ್ಯೇಂದ್ರನಾಥರು ಅಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, ಇಪ್ಪತ್ತೆರಡರ ಆಸುಪಾಸಿನ ಹುಡುಗ ಬಂದು ಉಳಿದು, ಬೆಳದಿಂಗಳಲ್ಲಿ ಕಾಳಿ ನದಿಯಲ್ಲಿ ದೋಣಿ ಹೋಗಿ, ಮರಳ ಮೇಲೆ ನಡೆದು ಮನೆಗೆ ಬಂದದ್ದನ್ನು ಮುಂದೆ ನೆನಪಿನಿಂದ ಬರೆದಿದ್ದಾರೆ. ‘ಪ್ರಕೃತಿರ್ ಪ್ರತಿಶೋಧ್’ ಎಂಬ ನಾಟಕ ಬರೆದದ್ದೂ ಅಲ್ಲೇ. ಲೋಕವನ್ನು ಗೆದ್ದೆ ಎಂದುಕೊಂಡ ಸಂನ್ಯಾಸಿಯನ್ನು ಒಬ್ಬ ಅನಾಥ ಹುಡುಗಿ ಮತ್ತೆ ಲೋಕಕ್ಕೆ ಎಳೆದು ತರುವ ಕತೆ. ಅದನ್ನು ಅದೇ ಮರಳಿನ ಮೇಲೆ ಆಡಿದ್ದನ್ನು ನಾನಂತೂ ನೋಡಿಲ್ಲ. ಕಾರವಾರ ಸುತ್ತಿನ ಹಳ್ಳಿಗಳಲ್ಲಿ ಜಾತ್ರೆಗೆ ಕೊಂಕಣಿ, ಮರಾಠಿ ನಾಟಕ ಆಡುವ ಹುಡುಗರಿಗೆ ಕೊರತೆಯಿಲ್ಲ. ಬಂಗಾಳಿಯದನ್ನು ಕೊಂಕಣಿಗೆ ತಂದು ಒಂದು ರಾತ್ರಿ ಅವರ ಕೈಗೆ ಕೊಟ್ಟರೆ ಹೇಗಿದ್ದೀತು! ಪಕ್ಕದಲ್ಲೇ ಐಎನ್ಎಸ್ ಚಾಪಲ್ ಯುದ್ಧನೌಕೆ ನಿಂತಿದೆ, ದೃಶ್ಯಸಜ್ಜಿಕೆಯ ಖರ್ಚೂ ಉಳಿದೀತು.

ಬಸ್ಸು ಬಿಡುವುದೋ ಬೇಡವೋ

ಹಾಗಾದರೆ ಸುಗ್ಗಿಯನ್ನು ಪೇಟೆಗೆ ತರುವ ಬದಲು ಪೇಟೆಯನ್ನು ಸುಗ್ಗಿಗೆ ಕರೆದೊಯ್ದರೆ? ಹೋಳಿಗೆ ಸುಗ್ಗಿ, ಮೇ ಹೊತ್ತಿಗೆ ಅಂಕೋಲೆಯ ಬಂಡಿಹಬ್ಬ, ರಥಸಪ್ತಮಿಗೆ ಇಡಗುಂಜಿಯ ತೇರು, ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬೆ ಜಾತ್ರೆ. ಶಿರಸಿ ಜಾತ್ರೆಯ ಬಿಡಕಿಬೈಲಿನ ಗದ್ದುಗೆಯ ಸುತ್ತಮುತ್ತ ನಾಟಕ ಕಂಪನಿಯ ಟೆಂಟು, ಯಕ್ಷಗಾನದ ಟೆಂಟು ಅಕ್ಕಪಕ್ಕ ಕೂಗಾಡುತ್ತ ಜನ ಸೇರಿಸುವುದನ್ನು ನೋಡಿದವರಿಗೆ ಸಂಘಟನೆಯ ಪಾಠ ಬೇರೆ ಬೇಡ. ಉತ್ಸವ ಸಮಿತಿ ಆಮಂತ್ರಣದ ಬದಲು ಇವುಗಳ ಒಂದು ಪಟ್ಟಿ ಅಚ್ಚು ಹಾಕಿಸಿ, ದಿನಕ್ಕೆ ಎರಡು ಬಸ್ಸು ಬಿಟ್ಟರೆ ಸಾಕು ಎಂದು ಕೆಲವು ದಿನ ನಾನು ಎಲ್ಲರ ಹತ್ತಿರ ವಾದಿಸಿಕೊಂಡು ತಿರುಗಿದೆ.

ಈಗ ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ. ಗೋಕರ್ಣದ ಕಡಲ ದಂಡೆಗೆ ಬಸ್ಸು, ಕಾರು ಬಂದ ಮೇಲೆ ಏನಾಯಿತು ಎಂದು ನೋಡಿದ್ದೇವೆ. ಎರಡು ಬಸ್ಸಿನ ತುಂಬ ಜನ ಮೊಬೈಲ್ ಎತ್ತಿಕೊಂಡು ಆ ಅಂಗಳಕ್ಕೆ ಇಳಿದರೆ, ಪದ ಮರೆತವನು ಅಜ್ಜಿಯ ಕಡೆ ನೋಡುವ ಮೊದಲು ಕ್ಯಾಮೆರಾದ ಕಡೆ ನೋಡುತ್ತಾನೆ. ಗೌಡರನ್ನೇ ಕೇಳಿದೆ. “ಬರ್ಲಿ ಅಕ್ಕೋರೆ, ಆದ್ರೆ ಊಟಕ್ಕೆ ಹೇಳ್ಬೇಡಿ” ಎಂದು ನಕ್ಕರು. ಹುಡುಗನಿಗೆ ಈ ಚರ್ಚೆಯಲ್ಲಿ ಆಸಕ್ತಿ ಇಲ್ಲ. ಅವನಿಗೆ ಕೀಬೋರ್ಡು ಬೇಕಂತೆ, ರಾತ್ರಿ ಒಂಬತ್ತರ ಆರ್ಕೆಸ್ಟ್ರಾದಲ್ಲಿ ನೋಡಿದ್ದಾನೆ. ಗುಮಟೆಯನ್ನೂ ಬಿಟ್ಟಿಲ್ಲ.

ಕೊನೆಗೆ ನಾನು ಕೇಳಿದ್ದು ತೀರಾ ಸಣ್ಣದು. ಮೊನ್ನೆಯ ಪೂರ್ವಭಾವಿ ಸಭೆಯಲ್ಲಿ, ಸ್ಥಳೀಯ ತಂಡಗಳನ್ನೆಲ್ಲ ಒಂದೇ ಸಂಜೆ ತುರುಕುವುದು ಬೇಡ, ದಿನಕ್ಕೆ ಒಂದೇ ತಂಡ ಬರಲಿ, ಮುಕ್ಕಾಲು ತಾಸು ಕೊಡಿ, ಜೊತೆಗೆ ಬಂದ ಮಕ್ಕಳಿಗೆ ವೇದಿಕೆಯ ಮೇಲೇ ಹಿಮ್ಮೇಳದ ಪಕ್ಕ ಕೂರಲು ಚಾಪೆ ಹಾಕಿ ಎಂದೆ. ಹಾಗಾದರೆ ಸಭಾ ಕಾರ್ಯಕ್ರಮ ತಡವಾಗುತ್ತದಲ್ಲ ಎಂದರು. ಸಭಾ ಕಾರ್ಯಕ್ರಮವೇ ಅರ್ಧ ತಾಸು ಕಡಿಮೆಯಾಗಲಿ ಎಂದೆ. “ಯಾರ ಭಾಷಣ ಬಿಡೋದು, ನೀವೇ ಹೇಳಿ ಮೇಡಂ” ಎಂದು ಒಬ್ಬರು ತಮಾಷೆಗೆ ಕೇಳಿದರು. ಆಮಂತ್ರಣದ ಕರಡು ನನ್ನ ಮುಂದೆಯೇ ಇತ್ತು, ಹೆಸರು ಹೇಳಿದೆ. ಎಲ್ಲರೂ ಚಹಾ ಕುಡಿಯಲು ಎದ್ದರು. ನಡಾವಳಿ ಪುಸ್ತಕದಲ್ಲಿ ‘ಸದರಿ ವಿಷಯ ಚರ್ಚಿಸಲಾಯಿತು’ ಎಂದು ಬರೆದಿದ್ದಾರೆ.